ಮಾಳಮಡ್ಡಿಯ ಮಗಳು

ಕೆಂಟನ್, ಲಂಡನ್
4 ಫೆಬ್ರವರಿ 2024

ಪ್ರೀತಿಯ ಮೀರಾ,

ಹೊಸವರ್ಷಕ್ಕೆ ನೀನು ಬರೆಯುವುದು, ಯುಗಾದಿಯ ಹೊತ್ತಿಗೆ ನಾನು ಉತ್ತರಿಸುವುದು ನಮ್ಮ ರೂಢಿ. ಈ ಸಲ ಫೆಬ್ರವರಿಯಲ್ಲೇ ಕೂತಿದ್ದೇನೆ. ಜಿಪಿ ಡಾಕ್ಟರ್ ಕೆಲಸ ಬಿಟ್ಟ ಮೇಲೆ ಬಿಡುವು ಬಹಳವಾಗಿದೆ. ಜೊತೆಗೆ ಒಂದು ವಿಡಿಯೋ ತಲೆ ಹೊಕ್ಕು ಕೂತಿದೆ. ಇದರೊಂದಿಗೆ ಕಳಿಸಿದ್ದೇನೆ, ನೋಡು.

ಹೋದ ಭಾನುವಾರ ಸ್ಟ್ಯಾನ್ಮೋರಿನಲ್ಲಿ ಒಂದು ಊಟವಿತ್ತು. ಹೋಳಿಗೆ ಮುಗಿದ ಮೇಲೆ ಅಲ್ಲಿದ್ದವರೊಬ್ಬರು ತಮ್ಮ ಫೋನಿನಲ್ಲಿದ್ದುದನ್ನು ಟಿವಿಗೆ ಹಾಕಿ ತೋರಿಸಿದರು. ಹಳದಿ ಸ್ವೆಟರ್, ಡಯಾಪರ್ ತೊಟ್ಟ ಚಿಂಪಾಂಜಿ ಮರಿ. ಯಾರದೋ ಎದೆಗೆ ಆತುಕೊಂಡು ಅಂಗಿಯ ಗುಂಡಿ ಚೀಪುತ್ತಿದೆ. ಆಮೇಲೆ ಕ್ಯಾಮೆರಾ ಕಡೆ ತಿರುಗಿ ಹಲ್ಲೆಲ್ಲ ತೋರಿಸಿ ನಗುತ್ತದೆ. ಇಡೀ ಮನೆ ನಕ್ಕಿತು, ನಾನೂ ನಕ್ಕೆ. ವಾಪಸ್ಸು ಬರುವಾಗ ಕಾರಿನಲ್ಲಿ ನಿನ್ನ ನೆನಪಾಯಿತು.

ಕ್ವೀನ್ಸ್‌ಬರಿಯ ನನ್ನ ಬಾಡಿಗೆ ಫ್ಲಾಟಿನಲ್ಲಿ ಇದ್ದುಕೊಂಡು ಪಶುವೈದ್ಯದ ಹೆಚ್ಚಿನ ಓದು ಮುಗಿಸಿದವಳು, "ಮೂರ್ ತಿಂಗಳು ಕ್ಯಾಮರೂನಿಗೆ ಹೋಗಿ ಬರ್ತೀನಿ, ಕಾಡಿನ ಚಿಂಪಾಂಜಿ ನೋಡ್ಬೇಕು" ಅಂತ ಹೊರಟೆಯಲ್ಲ, ಆ ಮೂರು ತಿಂಗಳು ಮೂವತ್ತು ವರ್ಷವಾದರೂ ಮುಗಿದಿಲ್ಲ. ನಿನ್ನ ಮಲೇರಿಯಾ, ನಿನ್ನ ಬೆನ್ನುನೋವು ಎಲ್ಲ ವಿಚಾರಿಸಿದ್ದೇನೆ. ನಿನ್ನ ಕೆಲಸದ ಬಗ್ಗೆ ಒಂದೂ ನೆಟ್ಟಗಿನ ಪ್ರಶ್ನೆ ಕೇಳಿಲ್ಲ. ಈಗ ಕೇಳುತ್ತೇನೆ. ಅವು ನಮ್ಮ ಹಾಗೆಯೇ ಖುಷಿಯಾದರೆ ನಗುತ್ತವೆಯೆ? ಗುಂಡಿ ಏಕೆ ಚೀಪುತ್ತದೆ? ಡಯಾಪರ್ ಹಾಕಿಸಿಕೊಳ್ಳಲು ಹೇಗೆ ಒಪ್ಪಿತು?

ನಿನ್ನ
ವಿಜಯಾ

---

ದಕ್ಷಿಣ ಕ್ಯಾಮರೂನ್
10 ಫೆಬ್ರವರಿ 2024

ವಿಜಯಾ,

ಶನಿವಾರ ಔಷಧಿ ತರಲು ಪೇಟೆಗೆ ಬಂದಾಗಷ್ಟೇ ನನಗೆ ಇಂಟರ್ನೆಟ್. ನಿನ್ನ ವಿಡಿಯೋವನ್ನು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ನೋಡಿದೆ.

ಅದು ನಗು ಅಲ್ಲ. ತುಟಿ ಹಿಂದಕ್ಕೆಳೆದು ಎರಡೂ ಸಾಲು ಹಲ್ಲು ಕಾಣುವ ಹಾಗೆ ಬಾಯಿ ಬಿಗಿದರೆ ಅದು ಭಯ. ಖುಷಿಯಾದ ಮರಿ ಬಾಯಿ ಸಡಿಲ ಬಿಟ್ಟು, ಓಡಿ ಬಂದವರ ಏದುಸಿರಿನ ಹಾಗೆ ಹಹ್ ಹಹ್ ಎನ್ನುತ್ತದೆ. ಇನ್ನು ಗುಂಡಿಯ ವಿಷಯ, ನೀನು ವೈದ್ಯೆ, ನಿನಗೆ ಬಿಡಿಸಿ ಹೇಳಬೇಕೆ? ನಾಲ್ಕೈದು ವರ್ಷದವರೆಗೂ ಅವು ತಾಯಿಯ ಹಾಲು ಕುಡಿಯುತ್ತವೆ. ಇದಕ್ಕೆ ಎರಡು ವರ್ಷವೂ ತುಂಬಿರಲಾರದು. ಡಯಾಪರಿಗೆ ಅದು ಒಪ್ಪಿಲ್ಲ, ಸೋತಿದೆ.

ಇದನ್ನು ತೋರಿಸಿದವರು ಯಾರು? ಎಲ್ಲಿ ತೆಗೆದದ್ದು? ಕೇಳುತ್ತಿರುವುದು ಏಕೆಂದರೆ ಈ ಮರಿ ನನಗೆ ಗೊತ್ತು. ಕೆಳತುಟಿಯ ಎಡಕ್ಕೆ ಅಕ್ಕಿಕಾಳಿನಷ್ಟು ಗುಲಾಬಿ ಮಚ್ಚೆ ಇದೆ ನೋಡು. ಬೇಗ ಬರೆ.

ಮೀರಾ

---

ಕೆಂಟನ್
12 ಫೆಬ್ರವರಿ 2024

ಪ್ರೀತಿಯ ಮೀರಾ,

ನಿನ್ನ ಪತ್ರ ಓದಿ ವಿಡಿಯೋ ಮತ್ತೆ ಹಾಕಿದೆ. ಈಗ ನನಗೆ ಅಲ್ಲಿ ನಗು ಕಾಣುತ್ತಲೇ ಇಲ್ಲ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಜ್ವರ ಹೇಳಿದವಳಿಗೆ ಇಷ್ಟೂ ತಿಳಿಯಲಿಲ್ಲವಲ್ಲ!

ತೋರಿಸಿದವರು ಪರಿಚಯದವರು. ಎಲ್ಲಿಯದೆಂದು ಸರಿಯಾಗಿ ಗೊತ್ತಿಲ್ಲ. ಕೊಲ್ಲಿ ದೇಶಗಳ ಕಡೆಯ ಯಾವುದೋ ದೊಡ್ಡ ಮನೆ ಇರಬೇಕು. ನಾನೇ ಸ್ವಲ್ಪ ಪತ್ತೇದಾರಿ ಮಾಡಿದೆ. ನೆಲ ಅಮೃತಶಿಲೆ. ಕಿಟಕಿಯಾಚೆ ಸಾಲಾಗಿ ಖರ್ಜೂರದ ಮರ. ಹಿಂದೆ ಒಬ್ಬ ಹೆಂಗಸು ಹಾಲಿನ ಬಾಟಲಿ ಅಲ್ಲಾಡಿಸುತ್ತ ನಿಂತಿದ್ದಾಳೆ, ಅವಳು ಒಬ್ಬಳೇ ನಗುತ್ತಿಲ್ಲ.

ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಮರಿಯ ತುಟಿ ನಿನಗೆ ಹೇಗೆ ಗುರುತು? ಅದನ್ನು ಹಿಡಿದದ್ದಾದರೂ ಹೇಗೆ, ತಾಯಿ ಬಿಟ್ಟುಕೊಡುತ್ತದೆಯೆ?

ವಿಜಯಾ

---

ದಕ್ಷಿಣ ಕ್ಯಾಮರೂನ್
17 ಫೆಬ್ರವರಿ 2024

ವಿಜಯಾ,

ಬಿಟ್ಟುಕೊಡುವುದಿಲ್ಲ. ಅದಕ್ಕೇ ಕೊಲ್ಲುತ್ತಾರೆ. ತಾಯಿಯನ್ನಷ್ಟೇ ಅಲ್ಲ, ಅಡ್ಡ ಬಂದ ಎಲ್ಲರನ್ನೂ. ಮಾಂಸ ಒಂದು ಕಡೆಗೆ ಹೋಗುತ್ತದೆ, ಮರಿ ಇನ್ನೊಂದು ಕಡೆಗೆ.

ನಮ್ಮ ಕೇಂದ್ರದಲ್ಲಿ ಹೀಗೆ ಅನಾಥವಾಗಿ ಸಿಕ್ಕ ಮರಿಗಳನ್ನು ಸಾಕುತ್ತೇವೆ. ಜೊತೆಗೆ ಪಕ್ಕದ ಕಾಡಿನ ಒಂದು ಗುಂಪನ್ನು ದೂರದಿಂದ ಕಾಯುತ್ತೇವೆ. ಬಂದ ಹೊಸತರಲ್ಲಿ ಊರಿನ ನೆನಪು ತಡೆಯಲಾರದೆ ಆ ಗುಂಪಿಗೆಲ್ಲ ಧಾರವಾಡದ ಓಣಿಗಳ ಹೆಸರಿಟ್ಟೆ. ಇಲ್ಲಿನವರ ಬಾಯಲ್ಲಿ ಮಾಳಮಡ್ಡಿ "ಮಾಲಾಮದೀ" ಆದಳು. ಅವಳು ಎಳೆಯವಳಾಗಿದ್ದಾಗಿನಿಂದ ನನಗೆ ಗೊತ್ತು. ಮೊದಲ ಎರಡು ಮರಿ ಉಳಿಯಲಿಲ್ಲ. ಮೂರನೆಯದು ಹೆಣ್ಣು, ಕೆಲಗೇರಿ. ತುಟಿಯ ಮೇಲೆ ಮಚ್ಚೆ.

ಹೋದ ಮಳೆಗಾಲಕ್ಕೆ ಮುಂಚೆ ಮಾಳಮಡ್ಡಿ ಸತ್ತು ಬಿದ್ದದ್ದು ಸಿಕ್ಕಿತು. ಕೆಲಗೇರಿ ಸಿಗಲಿಲ್ಲ.

ಈಗ ನನ್ನ ಮಾತು ಗಮನವಿಟ್ಟು ಓದು. ವಾಟ್ಸಾಪಿನಲ್ಲಿ ಬಂದ ಪ್ರತಿಯಿಂದ ಏನೂ ತಿಳಿಯದು. ತೆಗೆದವರ ಫೋನಿನಲ್ಲಿರುವ ಮೂಲ ವಿಡಿಯೋದಲ್ಲಿ ಜಾಗದ ಗುರುತು ಇರುತ್ತದೆ. ಹೇಗಾದರೂ ಅದನ್ನು ಕಳಿಸು. ಏಕೆ ಬೇಕೆಂದು ಅವರಿಗೆ ಹೇಳಬೇಡ. ಸುಳಿವು ಸಿಕ್ಕಿದರೆ ಮರಿಯನ್ನು ಬೇರೆ ಕಡೆ ಸಾಗಿಸಿಬಿಡುತ್ತಾರೆ.

ಮೀರಾ

---

ದಕ್ಷಿಣ ಕ್ಯಾಮರೂನ್
16 ಮಾರ್ಚ್ 2024

ವಿಜಯಾ,

ನಾಲ್ಕನೆಯ ಶನಿವಾರವೂ ಬಂದು ನೋಡಿದೆ. ನಿನ್ನಿಂದ ಏನೂ ಇಲ್ಲ.

ನಿನಗೆ ಹೇಳದೆ ಬಿಟ್ಟದ್ದೊಂದಿದೆ. ಮಾಳಮಡ್ಡಿ ಸತ್ತ ದಿನ ನಮ್ಮ ಎತಿಯೆನ್ ಅಲ್ಲಿದ್ದ. ಹದಿನೆಂಟು ವರ್ಷದಿಂದ ಆ ಗುಂಪಿನ ಜಾಡು ಹಿಡಿದು ನಡೆಯುವವನು. ಬೇಟೆಗಾರರನ್ನು ಕೂಗಿ ತಡೆಯಲು ಹೋದ. ಅವನ ಮೊಣಕಾಲಿಗೇ ಗುಂಡು ಹೊಡೆದರು. ಕಾಲು ಉಳಿಯಲಿಲ್ಲ. ನಿನ್ನ ವಿಡಿಯೋ ಅವನಿಗೆ ತೋರಿಸಿದಾಗ ಊರುಗೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟ.

ಊಟವಾದ ಮೇಲೆ ನೋಡಿ ನಗುವ ವಿಡಿಯೋ ನಿಮಗೆ. ಕುತೂಹಲ ತೀರಿತು ಅಂತ ಕಾಣುತ್ತದೆ.

ಮೀರಾ

---

ಕೆಂಟನ್
24 ಮಾರ್ಚ್ 2024

ಮೀರಾ,

ಬೈದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಆ "ಪರಿಚಯದವರು" ನನ್ನ ಅಳಿಯ ಯಶಸ್. ಯಾರಿಗೂ ಕಳಿಸಬೇಡಿ ಎಂದಿದ್ದ, ಅದಕ್ಕೇ ಮೊದಲಿನಿಂದ ಹೆಸರು ಹೇಳಲಿಲ್ಲ. ಆ ಎದೆ, ಆ ಅಂಗಿ ಅವನದೇ, ತನ್ನ ಫೋನಿನಲ್ಲಿ ತೆಗೆಸಿಕೊಂಡದ್ದು. ದೊಡ್ಡ ಮನೆಗಳಿಗೆ ದೀಪದ ವಿನ್ಯಾಸ ಮಾಡುತ್ತಾನೆ. ಕೊಲ್ಲಿಯ ಒಬ್ಬ ಶ್ರೀಮಂತರ ಮನೆಯ ಕೆಲಸ ಸಿಕ್ಕ ಧೈರ್ಯದಲ್ಲಿ ನೌಕರಿ ಬಿಟ್ಟು ಸ್ವಂತ ಆಫೀಸು ತೆರೆದ. ಅವತ್ತಿನ ಊಟ ಅದರ ಪೂಜೆಯದು.

ನಿನ್ನ ಪತ್ರ ಬಂದ ವಾರ ಅವರ ಮನೆಗೆ ಹೋಗಿದ್ದೆ. ಅವನ ಫೋನ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಲಾಕ್ ತೆಗೆಯುವುದು ನನಗೆ ಗೊತ್ತು, ಮೊಮ್ಮಗಳ ಹುಟ್ಟಿದ ದಿನ. ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟುಬಿಟ್ಟೆ. "ಅತ್ತೆ, ಟೀ ಮಾಡ್ಲಾ?" ಎಂದು ಕೇಳುತ್ತ ಬಂದ. ಆ ಹುಡುಗನ ಬೆನ್ನ ಹಿಂದೆ ಕದಿಯಲು ನನ್ನಿಂದಾಗಲಿಲ್ಲ. ನಿನಗೆ ಆಗುವುದಿಲ್ಲ ಎಂದು ಬರೆಯಲೂ ಆಗಲಿಲ್ಲ.

ನಿನ್ನೆ ಹೋಗಿ ನೇರ ಕೇಳಿದೆ. ನಿನ್ನ ಮಾತು ಮೀರಿದ್ದೇನೆ.

"ಯಶಸ್, ಆ ಮರಿ ಎಲ್ಲಿ ಅದಪಾ? ಖರೇ ಹೇಳು."

"ಯಾಕೆ ಅತ್ತೆ?"

ಎಲ್ಲ ಹೇಳಿದೆ. ಮಾಳಮಡ್ಡಿ, ಎತಿಯೆನ್, ತುಟಿಯ ಮಚ್ಚೆ.

"ಬ್ರೀಡರ್ ಹತ್ರ ತಗೊಂಡಿದ್ದು ಅಂದ್ರು ಅವ್ರು. ಪೇಪರ್ಸ್ ಎಲ್ಲಾ ಇದೆಯಂತೆ."

"ಪೇಪರ್ ನೋಡೀಯೇನು?"

"ನಾನ್ಯಾಕೆ ಕೇಳ್ಲಿ? ಅತ್ತೆ, ಅಲ್ಲಿ ವಿಡಿಯೋ ತೆಗೆದಿದ್ದೇ ತಪ್ಪು, ಕಾಂಟ್ರ್ಯಾಕ್ಟ್‌ನಲ್ಲಿ ಸೈನ್ ಮಾಡಿದ್ದೀನಿ. ಈ ಒಂದು ಪ್ರಾಜೆಕ್ಟ್ ಮೇಲೆ ಆಫೀಸ್ ನಿಂತಿದೆ. ಇಬ್ರನ್ನ ಕೆಲ್ಸಕ್ಕೆ ತಗೊಂಡಿದ್ದೀನಿ. ದಯವಿಟ್ಟು ನನ್ನ ಇದಕ್ಕೆ ಎಳೀಬೇಡಿ."

ಚಿನ್ಮಯಿ ಎದ್ದು ಬಂದು ನನ್ನ ಕೋಟು ಕೈಗೆ ಕೊಟ್ಟಳು. "ಮಮ್, ಪ್ಲೀಸ್. ನಾಟ್ ಟುಡೇ." ನನ್ನ ಮಗಳು ಹೀಗೆ ಕೋಟು ಕೊಟ್ಟದ್ದು ಇದೇ ಮೊದಲು.

ಬಾಗಿಲವರೆಗೆ ಬಂದ ಯಶಸ್ ಒಂದು ಮಾತು ಕೇಳಿದ: "ಅದು ಎಷ್ಟು ವರ್ಷ ಬದುಕುತ್ತೆ?" ಗೊತ್ತಿಲ್ಲ, ನನ್ನ ಗೆಳತಿಯನ್ನು ಕೇಳಿ ಹೇಳುತ್ತೇನೆ ಎಂದೆ.

ವಿಜಯಾ

---

ದಕ್ಷಿಣ ಕ್ಯಾಮರೂನ್
30 ಮಾರ್ಚ್ 2024

ವಿಜಯಾ,

ಹೇಳಿಬಿಟ್ಟಿದ್ದೀಯ. ಇನ್ನು ಮಾಡುವುದೇನೂ ಇಲ್ಲ. ಅವನು ಅಲ್ಲಿಗೆ ಒಂದು ಫೋನ್ ಮಾಡಿದರೆ ಮುಗಿಯಿತು.

ಅವನಿಗೆ ಹೇಳು: ಐವತ್ತು ವರ್ಷ, ಅದಕ್ಕೂ ಹೆಚ್ಚು ಬದುಕಬಹುದು. ಇನ್ನೆರಡು ವರ್ಷ ಎದೆಯ ಮೇಲೆ ಕೂರುತ್ತದೆ. ಆರಕ್ಕೆ ಪರದೆ ಹರಿಯುತ್ತದೆ, ಕಚ್ಚುತ್ತದೆ. ಹತ್ತಾಗುವ ಹೊತ್ತಿಗೆ ಅದನ್ನು ಹಿಡಿಯುವ ಗಂಡಸು ಆ ಮನೆಯಲ್ಲಿರುವುದಿಲ್ಲ. ಆಮೇಲಿನ ನಲವತ್ತು ವರ್ಷ ಎಲ್ಲಿಡುತ್ತಾರೆ ಎಂದು ಅವನೇ ಯೋಚಿಸಲಿ.

ಕೋಟಿನ ವಿಷಯ ಓದಿ ಸಂಕಟವಾಯಿತು. ನಾನು ಹಾಗೆ ಬರೆಯಬಾರದಿತ್ತು.

ಮೀರಾ

---

ಕೆಂಟನ್
10 ಏಪ್ರಿಲ್ 2024

ಮೀರಾ,

ನಿನ್ನೆ ಯುಗಾದಿ. ಬರುತ್ತಾರೋ ಇಲ್ಲವೋ ಎಂದುಕೊಂಡೇ ಹೋಳಿಗೆ ಮಾಡಿದ್ದೆ. ಮಧ್ಯಾಹ್ನ ಯಶಸ್ ಒಬ್ಬನೇ ಬಂದ, ಲ್ಯಾಪ್‌ಟಾಪ್ ಹಿಡಿದುಕೊಂಡು. ಬೇವುಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು ಲ್ಯಾಪ್‌ಟಾಪ್ ಬಿಚ್ಚಿದ.

ನೀನು ಬರೆದದ್ದನ್ನು ನಾನು ಅವನಿಗೆ ಹಾಗೆಯೇ ಕಳಿಸಿದ್ದೆ. ಅದನ್ನು ಓದಿದಾಗಿನಿಂದ ಆ ಮನೆಯ ನಕ್ಷೆಗಳನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದನಂತೆ. ನೆಲಮಾಳಿಗೆಯ ಹಾಳೆ ತೆರೆದು ಬೆರಳಿಟ್ಟ.

"ಇದು ಸ್ಟೋರ್ ಮೂರು ಅತ್ತೆ. ಕಿಟಕಿ ಇಲ್ಲ. ಸೀಲಿಂಗ್‌ವರೆಗೂ ಟೈಲ್ಸ್. ನೆಲದಲ್ಲಿ ನೀರು ಹೋಗಕ್ಕೆ ಡ್ರೈನ್. ಉಕ್ಕಿನ ಬಾಗಿಲು, ಕೆಳಗಡೆ ಒಂದು ಸಣ್ಣ ಕಿಂಡಿ. ಸ್ವಿಚ್ ಹೊರಗಡೆ ಕೇಳಿದ್ರು, ಲೈಟ್ ಮೇಲೆ ದಪ್ಪ ಜಾಲರಿ ಕೇಳಿದ್ರು. ನಾನೇ ಡ್ರಾ ಮಾಡಿದ್ದು."

ನೀನು ಬರೆದ ಆ ನಲವತ್ತು ವರ್ಷಕ್ಕೆಂದೇ ಕಟ್ಟುತ್ತಿದ್ದ ಕೋಣೆ ಅದು ಎಂದು ನನಗೆ ಆಗ ಹೊಳೆಯಿತು.

"ಸ್ಟೋರ್ ರೂಮಲ್ಲಿ ದೀಪಕ್ಕೆ ಯಾಕೆ ಜಾಲರಿ ಅಂತ ನಾನು ಕೇಳ್ಲೇ ಇಲ್ಲ ಅತ್ತೆ. ಯಾವ ಬಣ್ಣದ ಜಾಲರಿ ಅಂತ ಮಾತ್ರ ಕೇಳ್ದೆ."

ನಕ್ಷೆ ಕೊಡುವುದಿಲ್ಲ, ಅದು ಅವರದು ಎಂದ. ವಿಡಿಯೋ ತನ್ನದು ಎಂದ. ಮೂಲ ಪ್ರತಿ ಇದರ ಜೊತೆಗಿದೆ, ವಿಳಾಸವನ್ನೂ ಬರೆದುಕೊಟ್ಟಿದ್ದಾನೆ. ಬೇಕಾದರೆ ದೂರಿನಲ್ಲಿ ತನ್ನ ಹೆಸರು ಹಾಕಿಕೊಳ್ಳಲಿ ಎಂದಿದ್ದಾನೆ.

"ಚಿನ್ಮಯಿಗೆ ಹೇಳೀಯೇನಪಾ?" ಎಂದೆ.

"ಅವಳಿಗೆ ಹೇಳಿನೇ ಬಂದೆ. ಅವಳಿಗೆ ಕೋಪ ಇದೆ. ಆದ್ರೆ ಬೇಡ ಅನ್ಲಿಲ್ಲ."

ಹೋಳಿಗೆ ತಿನ್ನಲಿಲ್ಲ. ಡಬ್ಬಿಗೆ ಹಾಕಿಕೊಟ್ಟೆ.

ವಿಜಯಾ

---

ದಕ್ಷಿಣ ಕ್ಯಾಮರೂನ್
25 ಮೇ 2024

ವಿಜಯಾ,

ಸಿಕ್ಕಿತು! ಅಲ್ಲಿನ ವನ್ಯಜೀವಿ ಅಧಿಕಾರಿಗಳು ಸೋಮವಾರ ಹೋಗಿ ಮರಿಯನ್ನು ವಶಕ್ಕೆ ತೆಗೆದುಕೊಂಡರಂತೆ. ಪೇಪರ್ಸ್ ಇದ್ದವು, ಎಲ್ಲ ಸುಳ್ಳು. ಸದ್ಯಕ್ಕೆ ಅಲ್ಲಿನ ಒಬ್ಬ ಪಶುವೈದ್ಯರ ಆರೈಕೆಯಲ್ಲಿದೆ. ಎರಡು ದೇಶಗಳ ಕಾಗದಪತ್ರ ಮುಗಿದರೆ ನಮ್ಮಲ್ಲಿಗೆ ಕಳಿಸುತ್ತಾರೆ.

ಸುದ್ದಿ ಹೇಳಿದಾಗ ಎತಿಯೆನ್ ಮೊದಲ ಸಲ ಊರುಗೋಲಿನ ಮೇಲೆ ಕಾಡಿನ ಅಂಚಿನವರೆಗೆ ನಡೆದುಹೋದ. ಯಾರಿಗೆ ಹೇಳಿ ಬಂದನೋ.

ನಿನ್ನ ಅಳಿಯನಿಗೆ ನನ್ನ ನಮಸ್ಕಾರ ಹೇಳು.

ಮೀರಾ

---

ಕೆಂಟನ್
2 ಜೂನ್ 2024

ಪ್ರೀತಿಯ ಮೀರಾ,

ಪತ್ರ ಓದಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಹೀರೇಕಾಯಿ ಆರಿಸುತ್ತಿದ್ದವರಿಗೂ ಕೆಲಗೇರಿಯ ಕಥೆ ಹೇಳಿದ್ದೇನೆ. ಈಗ ಎಲ್ಲರೂ "ಆ ಹುಡುಗಿ ಮನೆ ಮುಟ್ಟಿದಳಾ ಡಾಕ್ಟ್ರೇ?" ಎಂದು ಕೇಳುತ್ತಾರೆ.

ಯಶಸ್‌ನ ಕೆಲಸ ಹೋಯಿತು. ನಿರೀಕ್ಷಿಸಿದ್ದೇ. ಆಫೀಸು ಮುಚ್ಚಿ ಹಳೆಯ ಕಂಪನಿಗೆ ಮರಳುತ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬಳಿಗೆ ಬೇರೆ ಕಡೆ ಕೆಲಸ ಕೊಡಿಸಿದ್ದಾನೆ, ಇನ್ನೊಬ್ಬನಿಗೆ ಹುಡುಕುತ್ತಿದ್ದಾನೆ. ಚಿನ್ಮಯಿ ಫೋನ್ ಮಾಡುತ್ತಾಳೆ, ಮಾತು ಮೊದಲಿನಷ್ಟಿಲ್ಲ. ಆದರೆ ಯಶಸ್ ದಿನಾ ಕೇಳುತ್ತಾನೆ, "ಕೆಲಗೇರಿ ಹೊರಟ್ಲಾ?" ಅವಳು ಕಾಡಿನ ತನ್ನ ಗುಂಪಿಗೆ ಸೇರುವ ದಿನದ ಫೋಟೋ ಅವನಿಗೆ ಬೇಕಂತೆ. ಅವಳ ಅಜ್ಜಿ, ಮಾವ ಯಾರಾದರೂ ಉಳಿದಿದ್ದಾರೆಯೆ? ಗುರುತು ಹಿಡಿಯುತ್ತಾರೆಯೆ?

ವಿಜಯಾ

---

ಕೆಂಟನ್
30 ಜೂನ್ 2024

ಮೀರಾ,

ಹುಷಾರಾಗಿದ್ದೀಯಾ? ಮತ್ತೆ ಮಲೇರಿಯಾವೆ? ಎರಡು ಸಾಲು ಬರೆ ಸಾಕು.

ವಿಜಯಾ

---

ದಕ್ಷಿಣ ಕ್ಯಾಮರೂನ್
20 ಜುಲೈ 2024

ವಿಜಯಾ,

ಮಲೇರಿಯಾ ಅಲ್ಲ. ಪೇಟೆಗೆ ಪ್ರತಿ ವಾರ ಬಂದಿದ್ದೇನೆ, ನಿನ್ನ ಪತ್ರ ತೆರೆದು ಉತ್ತರಿಸದೆ ವಾಪಸ್ಸು ಹೋಗಿದ್ದೇನೆ.

ಜೂನ್ ಮೊದಲ ವಾರ ಅಲ್ಲಿನ ಪಶುವೈದ್ಯರ ವರದಿ ಬಂತು. ತೂಕ, ಹಲ್ಲು, ರಕ್ತ ಎಲ್ಲ ಬರೆದಿದ್ದರು. ಮೇಲ್ಗಡೆಯೇ ಒಂದು ಪದ: ಗಂಡು.

ಕೆಲಗೇರಿ ಹೆಣ್ಣು. ಅವಳು ಹುಟ್ಟಿದ ವಾರದಲ್ಲೇ ನಾನು ನೋಡಿದ್ದೇನೆ.

ಅವರದೇ ತಪ್ಪಿರಬೇಕೆಂದು ಎರಡು ಸಲ ಬರೆದು ಕೇಳಿದೆ, ನೋಡು, ಆ ಮಟ್ಟಕ್ಕೆ ಹೋದೆ. ಅವರು ಪಾಪ ಫೋಟೋ ಕಳಿಸಿದರು. ತುಟಿಯ ಮೇಲೆ ಏನೂ ಇಲ್ಲ. ವಿಡಿಯೋದಲ್ಲಿ ಕಂಡದ್ದು ಮಚ್ಚೆಯಲ್ಲ, ಮಾಯುತ್ತಿದ್ದ ಗಾಯ. ಡಯಾಪರ್ ಇತ್ತು, ಬೇರೇನೂ ಕಾಣುತ್ತಿರಲಿಲ್ಲ. ನನಗೆ ಬೇಕಾದ್ದನ್ನು ನಾನು ನೋಡಿಕೊಂಡೆ.

ನಿನ್ನ ಅಳಿಯ ನನ್ನ ಮಾತು ನಂಬಿ ಆಫೀಸು ಕಳೆದುಕೊಂಡ. ನಿನ್ನ ಮಗಳು ಕೋಟು ಕೊಟ್ಟು ಕಳಿಸಿದಳು. ಇದನ್ನು ಅವರಿಗೆ ಹೇಗೆ ಹೇಳುವೆಯೋ ನನಗೆ ಗೊತ್ತಿಲ್ಲ. ಎತಿಯೆನ್‌ಗೆ ಹೇಳಲು ನನಗೇ ಹತ್ತು ದಿನ ಬೇಕಾಯಿತು.

ಇನ್ನೊಂದು. ಎದೆಗೂಸಿನಂಥ ಮರಿಯನ್ನು ಕಾಡಿನ ಗುಂಪಿಗೆ ಬಿಡಲಾಗುವುದಿಲ್ಲ, ಪರಕೀಯ ಗಂಡನ್ನು ಕೊಂದೇಬಿಡುತ್ತವೆ. ಕೆಲಗೇರಿಯೇ ಆಗಿದ್ದರೂ ಆಗುತ್ತಿರಲಿಲ್ಲ. ನೀನು ಕೇಳಿದಾಗಲೇ ಹೇಳಬೇಕಿತ್ತು.

ಮೀರಾ

---

ಕೆಂಟನ್
29 ಜುಲೈ 2024

ಮೀರಾ,

ನಿನ್ನ ಪತ್ರ ಬಂದ ಮರುದಿನವೇ, ಭಾನುವಾರ, ಇಬ್ಬರನ್ನೂ ಊಟಕ್ಕೆ ಕರೆದು ಅದನ್ನು ಓದಿದೆ. ಚಿನ್ಮಯಿಗೆ ಅರ್ಥವಾಗದ ಕಡೆ ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಯಶಸ್ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತಿದ್ದ.

ಓದಿ ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವಳು ಚಿನ್ಮಯಿ.

"ಸೋ ಹೂ ಈಸ್ ಹಿ?" ಎಂದಳು. ಹಾಗಾದರೆ ಇವನು ಯಾರು?

ಯಾರಿಗೆ ಗೊತ್ತು ಎಂದೆ.

"ಅಂದ್ರೆ ಅವನ ತಾಯಿನೂ..." ಎಂದು ಯಶಸ್ ಅರ್ಧಕ್ಕೆ ನಿಲ್ಲಿಸಿದ. ಆಮೇಲೆ, "ಅತ್ತೆ, ಆ ರೂಮು ಇವನಿಗೇ ತಾನೇ ಕಟ್ತಾ ಇದ್ದಿದ್ದು? ಹೆಸ್ರು ಯಾವುದಾದ್ರೇನು?"

ಕೈ ತೊಳೆದು ಬಂದು ಅವನೇ ಕೇಳಿದ, ಅದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ: "ಹಾಗಾದ್ರೆ ಕೆಲಗೇರಿ ಎಲ್ಲಿದ್ದಾಳೆ?"

ಹೋಗುವಾಗ ಚಿನ್ಮಯಿ ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡಳು. ಈಗ ರಾತ್ರಿ ಅಡುಗೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಇಂಥ ವಿಡಿಯೋಗಳನ್ನು ಹುಡುಕಲು ಶುರುಮಾಡಿದ್ದಾರೆ. ಎಷ್ಟೊಂದು ಇವೆಯಂತೆ ಮೀರಾ! ಏನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಅವರಿಗೆ ನೀನೇ ಬರೆದು ತಿಳಿಸು. ನಾನು ಓದಿ ಹೇಳುತ್ತೇನೆ.

ಇವನು ಯಾರು ಎಂಬುದನ್ನೂ, ತಿಳಿದಷ್ಟು ಬರೆ.

ವಿಜಯಾ

---

ದಕ್ಷಿಣ ಕ್ಯಾಮರೂನ್
23 ನವೆಂಬರ್ 2024

ಪ್ರೀತಿಯ ವಿಜಯಾ,

ಮರಿ ಇಲ್ಲಿಗೆ ಬಂದು ಮೂರು ವಾರವಾಯಿತು. ಪೆಟ್ಟಿಗೆ ತೆರೆದಾಗ ಮೂಲೆಗೆ ಒತ್ತಿಕೊಂಡು ಕೂತಿದ್ದ. ಎತಿಯೆನ್ ನೆಲದ ಮೇಲೆ ಕೂತು ಬೆನ್ನು ತಿರುಗಿಸಿಕೊಂಡ. ಅರ್ಧ ಬೆಳಗು ಹಾಗೆಯೇ ಕೂತ. ಆಮೇಲೆ ಆ ಬೆನ್ನಿಗೆ ಎರಡು ಕೈ ಬಂದು ಅಂಟಿಕೊಂಡವು. ಈಗ ಎತಿಯೆನ್ ಊರುಗೋಲು ಬಿಟ್ಟು ಗಾಲಿಕುರ್ಚಿಯಲ್ಲೇ ಇರಬೇಕು, ಎದೆಯ ಮೇಲೆ ಇವನಿರುತ್ತಾನಲ್ಲ.

ಚಿನ್ಮಯಿ, ಯಶಸ್ ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಕೆಲಗೇರಿ ಅವುಗಳಲ್ಲಿಲ್ಲ. ಈ ಸಲ ಹತ್ತು ಸಲ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಎರಡು ಬೇರೆ ಮರಿಗಳ ವಿಷಯವನ್ನು ಸಂಬಂಧಪಟ್ಟವರಿಗೆ ತಿಳಿಸಿದ್ದೇನೆ. ಹುಡುಕುವುದು ನಿಲ್ಲಿಸಬೇಡಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ರಕ್ತ ಪರೀಕ್ಷೆಗೆ ಕಳಿಸಿದ್ದೇವೆ. ಹುಟ್ಟಿದ್ದು ಯಾವ ದಿಕ್ಕಿನ ಕಾಡಿನಲ್ಲಿ ಎಂಬುದು ಅಂದಾಜಾಗಿ ತಿಳಿಯಬಹುದು, ಅಷ್ಟೇ. ಆದರೆ ಗುರುವಾರ ಒಂದು ಸಂಗತಿಯಾಯಿತು.

ಅವನ ಅಂಗಳಕ್ಕೆ ಹಸಿ ಕೊಂಬೆಗಳನ್ನು ಹಾಕಿದ್ದೆವು, ತಿನ್ನಲೆಂದು. ಊಟವಾದ ಮೇಲೆ ಅವನು ಎತಿಯೆನ್‌ನನ್ನು ಬಿಟ್ಟು ಇಳಿದ. ಒಂದು ಕೊಂಬೆ ಎಳೆದು, ಬಾಗಿಸಿ, ಕಾಲ ಕೆಳಗೆ ಒತ್ತಿಕೊಂಡ. ಇನ್ನೊಂದನ್ನು ಅದರ ಮೇಲೆ ಅಡ್ಡ ಹಾಕಿ ತುದಿಯನ್ನು ಒಳಗೆ ಮಡಚಿದ. ಅದು ಜಾರಿತು. ಮತ್ತೆ ಮಡಚಿದ. ಸಣ್ಣ ಎಲೆಯ ರೆಂಬೆ ಮುರಿದು ನಡುವೆ ಇಟ್ಟು, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿ, ಅದರ ಮೇಲೆ ಮಲಗಿದ.

ಚಿಂಪಾಂಜಿಗಳು ರಾತ್ರಿ ಮರದ ಮೇಲೆ ಹೀಗೇ ಗೂಡು ಕಟ್ಟಿ ಮಲಗುತ್ತವೆ. ಇದನ್ನು ಅವನಿಗೆ ನಾವು ಕಲಿಸಿಲ್ಲ, ಆ ಮನೆಯವರಿಗೆ ಗೊತ್ತೇ ಇರಲಿಲ್ಲ. ಮರಿಗಳು ಸಂಜೆ ಸಂಜೆ ತಾಯಿಯ ಪಕ್ಕ ಕೂತು, ಅವಳ ಕೈ ನೋಡಿ ಕಲಿಯುತ್ತವೆ.

ಇವನ ತಾಯಿಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಎಲೆಯನ್ನು ನಡುವೆ ಇಟ್ಟು ತಟ್ಟಿ ಸಮ ಮಾಡುತ್ತಿದ್ದಳು ಎಂಬುದು ಮಾತ್ರ ಗೊತ್ತಾಯಿತು.

ನಿನ್ನ
ಮೀರಾ